ತುದಿಬೆರಳು

ಅಂಗೈ ತಾಗಿಸಬೇಡ, ಅಂದರು ಮುನಿವೆಂಕಟ ಸರ್.
ಮೊದಲ ದಿನ, ಮೊದಲ ಮಾತು.
ಚೆಂಡು ಬೆರಳ ತುದಿಯದ್ದು,
ಅಂಗೈಗೆ ಸಿಕ್ಕರೆ ಸತ್ತುಹೋಗುತ್ತೆ.

ನಾನು ನಕ್ಕುಬಿಟ್ಟೆ.
ಅದಕ್ಕೇ ಎರಡು ಸುತ್ತು ಓಡಿಸಿದರು.

ಏನಂತ ಹೇಳಲಿ ಅವರಿಗೆ,
ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ
ಬೆಳಗಿನ ನಾಲ್ಕಕ್ಕೇ ನೀರು ಕುದಿಯುತ್ತೆ,
ಅಬ್ಬಾ ಅದರೊಳಗೆ ಬೆರಳದ್ದಿ
ಗೂಡಿನ ಮೈಮೇಲೆ ಎಳೆಯ ತುದಿ ಹುಡುಕುತ್ತಾರೆ.
ಕಣ್ಣಿಗೆ ಕಾಣದ್ದು,
ಅಂಗೈಗೆ ಎಂದೂ ಸಿಗದ್ದು.

ಆಯ್ಕೆ ನಡೆದದ್ದು ಚಿಕ್ಕಬಳ್ಳಾಪುರದ ಮೈದಾನದಲ್ಲಿ.
ಮೂವತ್ತೊಂದು ಹುಡುಗಿಯರು, ಬೇಕಾದವರು ಹನ್ನೆರಡು.
ಸರ್ ಒಬ್ಬೊಬ್ಬರ ಮುಂದೆ ನಿಂತು ನೋಡಿದ ರೀತಿ
ನನಗೆ ಗೊತ್ತಿದ್ದದ್ದೇ:
ಗೂಡು ಮಾರ್ಕೆಟ್ಟಲ್ಲಿ ಅಬ್ಬಾ
ರಾಶಿಯಿಂದ ಒಂದು ಗೂಡೆತ್ತಿ
ಕಿವಿ ಹತ್ತಿರ ಅಲ್ಲಾಡಿಸಿ,
ಒಳಗೆ ಹುಳು ಒಣಗಿದೆಯಾ, ಜೀವ ಇದೆಯಾ,
ಎಳೆ ಎಷ್ಟುದ್ದ ಬಂದೀತು ಅಂತ
ಮುಖದಲ್ಲಿ ಏನೂ ತೋರಿಸದೆ ಕೇಳಿಸಿಕೊಳ್ಳುವ ರೀತಿ.
ನನ್ನನ್ನು ಅಲ್ಲಾಡಿಸಲಿಲ್ಲ, ಅಷ್ಟೆ.
'ಎತ್ತರ ಇದೆ. ಮೊಣಕಾಲು ಮಡಿಸೋಕೆ ಬರಲ್ಲ.'
ಬರೆದುಕೊಂಡು ಮುಂದೆ ಹೋದರು.

ಎತ್ತರ.
ಪ್ರಾರ್ಥನೆಯ ಸಾಲಲ್ಲಿ ಯಾವಾಗಲೂ ಕಡೆಯವಳು,
ಗ್ರೂಪ್ ಫೋಟೋದಲ್ಲಿ ಅರ್ಧ ತಲೆ ಹೋದವಳು,
ಬೀದಿಯ ಎಲ್ಲರ ಮನೆ ಬಲ್ಬು ಬದಲಿಸಿದವಳು.
ಅದನ್ನು ಒಬ್ಬರು ಮೊದಲ ಸಲ
ಜಮೆಯ ಕಡೆಗೆ ಬರೆದರು.

ಅರ್ಜಿಯ ಕೊನೆಗೆ ಪೋಷಕರ ಸಹಿ ಇಲ್ಲವೇ ಹೆಬ್ಬೆಟ್ಟು.
ಅಬ್ಬಾ ಒತ್ತಿದರು.
ನೀಲಿಯ ಒಂದು ಮೊಟ್ಟೆ ಮೂಡಿತು, ಒಂದೂ ಗೆರೆಯಿಲ್ಲ.
ಇನ್ನೊಂದು ಸಲ ಒತ್ತಿ, ಅಂದರು ಕ್ಲಬ್ಬಿನವರು.
ಇನ್ನೊಂದು ಮೊಟ್ಟೆ.
ರೇಷನ್ ಅಂಗಡಿಯ ಮೆಷಿನ್ನೂ ತಿಂಗಳು ತಿಂಗಳೂ
ಇದನ್ನೇ ಹೇಳುತ್ತೆ: ನೀವು ನೀವಲ್ಲ.
ಇಪ್ಪತ್ತಾರು ವರ್ಷದಲ್ಲಿ ಕುದಿನೀರು
ಆ ಗೆರೆಗಳನ್ನೂ ಬಿಚ್ಚಿ
ಯಾರದೋ ಸೀರೆಗೆ ಸುತ್ತಿಬಿಟ್ಟಿದೆ.

ಅಮ್ಮಿ ಕೇಳಿದ್ದು ಎರಡೇ.
ತಿಂಗಳಿಗೆ ಎಷ್ಟು? ವಾಪಸ್ ಬಸ್ಸು ಎಷ್ಟಕ್ಕೆ?
ಆರುನೂರು. ಏಳೂಕಾಲು.
ಮೊದಲನೆಯದಕ್ಕೆ ಸುಮ್ಮನಾದಳು,
ಎರಡನೆಯದಕ್ಕೆ ಬೈದಳು.

ಕೊಟ್ಟ ಜರ್ಸಿ ಹಳೆಯದು,
ಬೆನ್ನಲ್ಲಿ ಹೆಸರು ಕಿತ್ತ ಗುರುತು.
ಬಿಸಿಲಿಗೆ ಹಿಡಿದರೆ ಈಗಲೂ ಓದಬಹುದು: ಹಂಸವೇಣಿ.
ಅವಳು ಯಾಕೆ ಬಿಟ್ಟಳೋ ಯಾರೂ ಹೇಳಲ್ಲ.
ಓಡುವಾಗ ಅವಳೂ ನನ್ನ ಬೆನ್ನಿಗೆ ಅಂಟಿ ಬೆವರುತ್ತಾಳೆ.

ತನುಶ್ರೀ ಮೂಗು ಮುಚ್ಚಿ ಕೇಳಿದಳು:
ನಿನ್ನ ಬ್ಯಾಗಲ್ಲಿ ಏನೇ ವಾಸನೆ?
ಬೆಂದ ಹುಳುವಿನದು, ಅಂದೆ,
ನೀನು ಹಬ್ಬಕ್ಕೆ ಉಡ್ತೀಯಲ್ಲ, ಆ ಲಂಗದ ಒಳಗಿನದು.
ಎರಡು ವಾರ ನನಗೆ ಪಾಸ್ ಕೊಡಲಿಲ್ಲ.
ಮೂರನೇ ವಾರ ಕೊಟ್ಟಳು,
ಬೇರೆ ಯಾರೂ ಖಾಲಿ ನಿಂತಿರಲಿಲ್ಲ.
ಹಾಗೇ ಶುರುವಾಯಿತು, ಇಬ್ಬರಿಗೂ ಇಷ್ಟವಿಲ್ಲದೆ.

ಗೌರಿಬಿದನೂರಿನವರ ಮೇಲೆ ನನಗೆ ಸಿಕ್ಕಿದ್ದು ನಾಲ್ಕು ನಿಮಿಷ.
ಬುಟ್ಟಿಗೆ ಒಂದೂ ಬೀಳಲಿಲ್ಲ. ಫೌಲು ಎರಡು.
ಉಳಿದ ಹೊತ್ತೆಲ್ಲ ಬೆಂಚಿನ ಮೇಲೆ
ಬೇರೆಯವರ ನೀರಿನ ಬಾಟಲಿ ಕಾಯುತ್ತಾ
ನಂದಿಬೆಟ್ಟದ ಮೇಲೆ ಬಿಸಿಲು ಇಳಿಯುವುದನ್ನು ನೋಡಿದೆ.

ಅವತ್ತು ಅಬ್ಬಾ ಬಂದಿದ್ದರು.
ಕರೆದಿರಲಿಲ್ಲ. ಗೆರೆಯಾಚೆ, ಯಾರಿಗೂ ಅಡ್ಡವಾಗದ ಹಾಗೆ,
ಕೈ ಹಿಂದೆ ಕಟ್ಟಿ ನಿಂತಿದ್ದರು.
ಒಂದು ಚೆಂಡು ಎಲ್ಲರನ್ನೂ ತಪ್ಪಿಸಿಕೊಂಡು
ಸೀದಾ ಅವರ ಎದೆಗೆ ಹಾರಿತು.

ಜೀವಮಾನದಲ್ಲಿ ಚೆಂಡು ಮುಟ್ಟದ ಮನುಷ್ಯ
ಹಿಡಿದರು,
ಹತ್ತೂ ಬೆರಳ ತುದಿಯಲ್ಲಿ, ಅಂಗೈ ದೂರವಿಟ್ಟು,
ಕುದಿಯುವುದನ್ನು ಎತ್ತಿಕೊಳ್ಳುವ ಹಾಗೆ.

ನೋಡು, ಅಂದರು ಸರ್, ನನ್ನ ಭುಜ ತಟ್ಟಿ.
ಅದು ಯಾರು ಅಂತ ಅವರಿಗೆ ಗೊತ್ತಿರಲಿಲ್ಲ.

ವಾಪಸ್ ಎಸೆದದ್ದು ಮಾತ್ರ ಎತ್ತಲೋ ಹೋಗಿ
ಚರಂಡಿಗೆ ಬಿತ್ತು.
ತರಲು ನಾನೇ ಓಡಿದೆ.
ಬಗ್ಗಿದೆ, ಮೊಣಕಾಲು ಮಡಿಸಿ.